ಬೆನ್ನುಕೇರಿಗೆ ಭೂಮಿ ಕಾಣುವುದಿಲ್ಲ

ಚಂದ್ರನ ಆಚೆ ಬದಿ, ಹಗಲು ಆರು ಸಾವಿರದ ನೂರಾ ಹನ್ನೊಂದು.

ಹಳೆಯ ಭೂಮಿಯವರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ನಮ್ಮ ಒಂದು ಹಗಲು ರಾತ್ರಿ ಸೇರಿದರೆ ನಿಮ್ಮ ಒಂದು ತಿಂಗಳು. ನಿಮಗಿಂತ ನಾವು ಐನೂರು ವರ್ಷ ಮುಂದಿನವರು. ಮಾತು ಒರಟಾಗಿದ್ದರೆ ಕ್ಷಮಿಸಿ, ಗಣಿಯ ಧೂಳು ಕುಡಿದ ಗಂಟಲು ಇದು.

ನಿಮಗೆ ಕಾಣುವ ಚಂದ್ರನ ಬದಿಯಲ್ಲಿ 'ಮುಖದವರು' ಇದ್ದಾರೆ. ಅವರ ಕಿಟಕಿಯಲ್ಲಿ ಭೂಮಿ ಏಳುವುದಿಲ್ಲ, ಮುಳುಗುವುದಿಲ್ಲ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಪಟದ ಹಾಗೆ ಒಂದೇ ಜಾಗದಲ್ಲಿ ನಿಂತಿರುತ್ತದೆ. ಸೂರ್ಯ, ನಕ್ಷತ್ರ ಅದರ ಹಿಂದೆ ಹಾದುಹೋಗುತ್ತವೆ. ಅವರಿಗೆ ಅಷ್ಟು ಸಾಕಾಯಿತು. ನಿಂತದ್ದೇ ನಡು, ವಿಶ್ವವೆಲ್ಲ ಅದರ ಸುತ್ತ ಎಂದು ಶಾಸ್ತ್ರ ಬರೆದರು. ಭೂಮಿಗೆ ಎದುರಾಗಿರುವವರು ಮೇಲಿನವರು. ಅದನ್ನು ಕಾಣದ ನಾವು ಬೆನ್ನುಕೇರಿಯವರು, ಮುಟ್ಟಬಾರದವರು. ನಾವು ಅಗೆದ ಮಂಜುಗಡ್ಡೆ ಕರಗಿಸಿಯೇ ಅವರು ಮಿಂದು ಮಡಿಯಾಗುವುದು. ನೀರಿಗೆ ಮೈಲಿಗೆ ಇಲ್ಲ, ಅಗೆದ ಕೈಗೆ ಇದೆ.

ನಮಗೆ ಉಸಿರು ಕೊಡುವುದು ಗಾಳಿಯಂತ್ರ. ಅದರ ರಿಪೇರಿ ವಿದ್ಯೆ ಮುಖದವರದು. ಹೋದ ಹಗಲು ಯಂತ್ರ ಕೆಟ್ಟಿತು. ಮೆಕ್ಯಾನಿಕ್ ಪೂಜೆ ಮುಗಿಸಿ ಬರುವಷ್ಟರಲ್ಲಿ ನಾಲ್ಕು ಹೆಣ. ಅದಕ್ಕೇ ನನ್ನ ಮಗಳು ಹುಲಿಗೆವ್ವ ಆ ವಿದ್ಯೆ ಕಲಿಸುವ ಅವರ ಗಾಳಿಶಾಲೆ ಸೇರಲು ಹೊರಟಳು. ಪ್ರವೇಶಕ್ಕೆ ಒಂದು ವಾಕ್ಯ ಹೇಳಬೇಕು: ಭೂಮಿಯೇ ವಿಶ್ವದ ನಡು. ಜೀವನವಿಡೀ ಸಂಘ ಕಟ್ಟಿದ ನಾನೇ ಹೇಳಿಕೊಟ್ಟೆ, ಸುಳ್ಳು ಹೇಳು, ಸೀಟು ತಗೋ, ಕೇರಿ ಉಳಿಸು ಎಂದು. ಆ ನಾಲಿಗೆ ಇನ್ನೂ ಉರಿಯುತ್ತಿದೆ.

ಶಾಲೆಯ ಬಾಗಿಲಲ್ಲಿ ಕೂತ ಅಧಿಕಾರಿ ವಾಕ್ಯ ಕೇಳಿದ. ಹುಲಿಗೆವ್ವ ಬಾಯಿ ತೆರೆದಳು.

"ಭೂಮಿ ನಿಂತಿಲ್ರಿ ಸಾಹೇಬ್ರ. ಚಂದ್ರ ಅದರ ಸುತ್ತ ತಿರುಗತಾನ, ಮಾರಿ ಮಾತ್ರ ಅದರ ಕಡೆನ ಇಟ್ಕೊಂಡು. ಅದಕ್ಕ ನಿಮಗ ನಿಂತಂಗ ಕಾಣತೈತಿ. ಭೂಮಿ ಸೂರ್ಯನ ಸುತ್ತ ಓಡಾಕತ್ತೈತಿ, ಆ ಸೂರ್ಯನೂ ಎಲ್ಲೋ ಹೊಂಟಾನ. ನಮ್ಮ ಕೇರ್ಯಾಗ ಭೂಮಿ ಒಂದಿನಾನೂ ಕಂಡಿಲ್ಲ. ಹೊತ್ತು ಮೂಡೋದು ನಿಂತೈತೇನು?"

ಅವನು ಸಾಲಿನಲ್ಲಿದ್ದವರ ಕಡೆ ತಿರುಗಿ ನಕ್ಕ. "ಬೆನ್ನು ಮಾತಾಡಾಕತ್ತೈತಿ, ಕೇಳ್ರಪ್ಪ." ಅರ್ಜಿ ಹರಿದ.

ಮನೆಗೆ ಬಂದವಳಿಗೆ ನಾನು ಬಾಯಿಗೆ ಬಂದಂತೆ ಬೈದೆ.

ಈಗ ಯಂತ್ರ ಮತ್ತೆ ಕರಕರ ಎನ್ನುತ್ತಿದೆ. ಹುಲಿಗೆವ್ವ ಅಡುಗೆಯ ಚಾಕುವಿನಲ್ಲಿ ಅದರ ಮುಚ್ಚಳ ಬಿಚ್ಚಿ ಕೂತಿದ್ದಾಳೆ. ಒಳಗೆ ಯಾವುದು ಯಾತಕ್ಕೆ ಎಂದು ಅವಳಿಗೆ ಗೊತ್ತಿಲ್ಲ, ಕೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಅನುಕಂಪ ಬೇಡ, ಚಂದ್ರನ ಮೇಲೆ ಕಟ್ಟುವ ಪದ್ಯವೂ ಬೇಡ. ಈ ಯಂತ್ರಗಳನ್ನು ಮೊದಲು ಕಟ್ಟುವವರು ನೀವೇ ತಾನೆ? ಹೇಗೆ ಬಿಚ್ಚಬೇಕು, ಹೇಗೆ ಜೋಡಿಸಬೇಕು ಎಂಬುದನ್ನು ನಮಗೆ ತಿಳಿಯುವ ಮಾತಿನಲ್ಲಿ ಯಂತ್ರದ ಮೈಮೇಲೇ ಕೆತ್ತಿಡಿ. ಯಾರೂ ಕೆರೆದು ಅಳಿಸಲಾರದಷ್ಟು ಆಳವಾಗಿ.

ದುಗ್ಗವ್ವ
ಬೆನ್ನುಕೇರಿ