ದೃಷ್ಟಿಬೊಟ್ಟು ಒರೆಸಿದವಳು

ತಂಗಿ ಭುವನೇಶ್ವರಿ,

ನೀನು ತೀರಿಕೊಂಡು ವರ್ಷವಾದರೂ ಸುದ್ದಿ ನಿನಗೇ ಹೇಳಬೇಕೆನಿಸುತ್ತದೆ. ಮಕ್ಕಳನ್ನು ಆಡಿಸಲು ಕಕ್ಕೇರಾದ ಚರ್ಚಿಗೆ ವಾರದ ಮಟ್ಟಿಗೆ ವಿದೇಶದವರು ಬಂದಿದ್ದಾರೆ. ನನಗೆ ಅವರ ನಗುವಿನ ಮೇಲೂ ಅನುಮಾನ. ಇವತ್ತು ಅವರಲ್ಲೊಬ್ಬಳು ನಿನ್ನ ಮಗಳು ಭಾಗಿಯ ಕೆನ್ನೆಯ ದೃಷ್ಟಿಬೊಟ್ಟನ್ನು ಹೊಲಸೆಂದು ಒರೆಸಿ, ಮುದ್ದಿಸಿ, ಫೋಟೊ ತೆಗೆದಳು.

“ಯಾರಿಗೆ ತೋರಸಾಕ್ರಿ ಇದು?” ಎಂದು ಪಾಸ್ಟರನ್ನು ಕೇಳಿದೆ.

“ನೆನಪಿಗಷ್ಟರಿ. ನಾಳೆ ಹೋಗ್ತಾರ, ಮುಂದಿನ ವರ್ಷ ಮತ್ತ ಬರ್ತಾರ.”

“ಕೂಸಿಗೆ ಸುಳ್ಳು ಆಸೆ ಹಚ್ಚಬ್ಯಾಡ್ರಿ!” ಎಂದು ಗದರಿ, ಭಾಗಿಯನ್ನು ಎತ್ತಿಕೊಂಡು ಬಂದೆ.

ದಾರಿಯಲ್ಲಿ ಕೇಳಿದಳು: “ಮಾಮಾ, ಆಕಿನೂ ಅವ್ವ ದುಡಿಯಾಕ ಹೋಗ್ಯಾಳಂತ ನೀ ಹೇಳಿದ ಊರಿಗೇ ಹೋಗ್ತಾಳೇನು?”

“ಇಲ್ಲವ್ವ, ಆಕಿದು ಬ್ಯಾರೆ ಊರು, ಭಾಳ ದೂರ,” ಎಂದೆ.

“ಹಂಗಾದ್ರ ಅವ್ವನೇ ಮೊದಲ ಬರ್ತಾಳ,” ಎಂದು ನಕ್ಕಳು.