ಟೆಲಿವಿಷನ್ನಿನ ರಾಣಿ

ಶಿಡ್ಲಘಟ್ಟ
14-9-1964

ನನ್ನ ಮುದ್ದು ಅನಸೂಯಮ್ಮನಿಗೆ ನಿಮ್ಮಮ್ಮನ ಆಶೀರ್ವಾದ.

ಮೈ ಹುಷಾರಾಗಿದೆಯಾ? ನೆಗಡಿ ಬಿಟ್ಟಿತಾ? ಅಲ್ಲಿನ ಚಳಿಗೆ ಮೆಣಸಿನ ಸಾರು ತಪ್ಪಿಸಬೇಡ. ಅಳಿಯಂದಿರ ವ್ಯವಸಾಯದ ಓದು ಚೆನ್ನಾಗಿ ಸಾಗುತ್ತಿದೆ ಎಂದುಕೊಂಡಿದ್ದೇನೆ. ಇಲ್ಲಿ ನಾವೆಲ್ಲ ಕ್ಷೇಮ. ರೇಷ್ಮೆ ಹುಳುಗಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದು ಹಗಲೂ ರಾತ್ರಿ ಸೊಪ್ಪು ಮೇಯುತ್ತಿವೆ, ಅದಕ್ಕೇ ಉತ್ತರ ತಡವಾಯಿತು.

ನಿನ್ನ ಕಾಗದವನ್ನು ನಿಮ್ಮಪ್ಪ ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಓದಿದರು. ಕಾನ್ಸಾಸಿನ ಟೆಲಿವಿಷನ್ನಿನವರು ಇಂಡಿಯಾದ ಹೆಂಗಸು ಬೇಕೆಂದು ನಿನ್ನನ್ನು ಕರೆದರು ಎನ್ನುವಲ್ಲಿಗೆ ನನ್ನ ಎದೆ ಉಬ್ಬಿತು. ಮುಂದಿನದು ಕೇಳಿ ಮೈ ಉರಿಯಿತು. ನಮ್ಮದೇ ಗೂಡಿನ ನೂಲಿನ ಸೀರೆ ಉಟ್ಟು ಹೋದರೆ, ಇದು ಇಂಡಿಯಾದ ಹಾಗೆ ಕಾಣುವುದಿಲ್ಲ ಎಂದು ಕಿಟಕಿಯ ಪರದೆಯಂಥದ್ದನ್ನು ತಲೆ ತುಂಬ ಹೊದಿಸಿದರಂತೆ. ಕುಂಕುಮ ಒರೆಸಿ ಗಾಜಿನ ಹರಳು ಅಂಟಿಸಿದರಂತೆ. ಮುತ್ತೈದೆಯ ಹಣೆ ಒರೆಸುವುದೇ, ಅವರ ಕೈ ಸೇದಿಹೋಗ! ಪಕ್ಕದಲ್ಲಿ ಬಿಳಿಯನೊಬ್ಬ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಮಹಾರಾಜನಾಗಿ ಮಾತಾಡುತ್ತಿದ್ದರೆ, ರಾಣಿಯಾದ ನೀನು ದಿಂಬಿನ ಮೇಲೆ ಕೂತು ಸುಮ್ಮನೆ ಕೈ ಮುಗಿಯಬೇಕಂತೆ. ಮನೆಯಲ್ಲಿ ಒಂದು ಗಳಿಗೆ ಬಾಯಿ ಮುಚ್ಚದ ನೀನು! ಆಮೇಲೆ ಪಕ್ಕದ ಮನೆಯ ಮಗು ನಿನ್ನ ಆನೆ ಎಲ್ಲಿ ಎಂದು ಕೇಳಿತಂತೆ. ಅವತ್ತಿನಿಂದ ನೀನು ಸೀರೆ ಉಟ್ಟಿಲ್ಲ, ಹೊರಗೆ ಹೋಗಿಲ್ಲ. 'ಇಲ್ಲಿ ನಾನು ಯಾರೋ ಬೇರೆಯವಳ ಥರಾ ಆಗೋಗಿದೀನಿ ಅಮ್ಮಾ, ವಾಪಸ್ ಬಂದ್ಬಿಡ್ಲಾ?' ಎಂದು ಬರೆದಿದ್ದೀಯ. ಅಲ್ಲಿಗೆ ಬಂದಾಗ ನಿಮ್ಮಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

ನೀನು ವಿಮಾನ ಹತ್ತಿದ ಮೇಲೆ ಇಲ್ಲಿ ನಡೆದದ್ದನ್ನು ಹೇಳುತ್ತೇನೆ ಕೇಳು. ರೇಷ್ಮೆಯ ಮೇಲೆ ಫಿಲ್ಮು ತೆಗೆಯುವವರು ಬೆಂಗಳೂರಿನಿಂದ ವ್ಯಾನಿನಲ್ಲಿ ಬಂದು ನಮ್ಮ ಹುಳುಮನೆಯೇ ಬೇಕೆಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಪೌಡರ್ ಹಚ್ಚಿ ಮಲ್ಲಿಗೆ ಮುಡಿಯಿರಿ, ಹಳ್ಳಿ ಹೆಂಗಸಿನ ಹಾಗೆ ಕಾಣಬೇಕು ಎಂದರು! ಹುಳುವಿಗೆ ಘಮಲು ಆಗದೆಂದು ನಾವು ಒಗ್ಗರಣೆಯನ್ನೂ ದೂರ ಹಾಕುವವರು. 'ಹೂ ಮುಡ್ಕೊಂಡು ಹುಳದ ಮನೆಗೆ ಕಾಲಿಡಲ್ಲ ಕಣಪ್ಪಾ' ಎಂದೆ. ಅವರು ಪೋಸ್ಟ್ ಮಾಸ್ತರರ ಹೆಂಡತಿ ಮಂಗಮ್ಮನಿಗೆ ಹೂ ಮುಡಿಸಿ ನಮ್ಮ ಜಗಲಿಯ ಮೇಲೆ ಕೂರಿಸಿದರು. ನಾನು ಹುಳು ಕೊಡಲಿಲ್ಲ, ಬರೀ ಸೊಪ್ಪಿನ ತಟ್ಟೆ ಕೊಟ್ಟೆ. ಪಾಪ, ಅವಳು ಸಾರಿಗೆ ಸೊಪ್ಪು ಬಿಡಿಸುವ ಹಾಗೆ ಹಿಪ್ಪುನೇರಳೆ ಸೊಪ್ಪು ಬಿಡಿಸಿದಳು! ಆಮೇಲೆ ಟೆಂಟ್ ಸಿನಿಮಾದಲ್ಲಿ ಅದನ್ನು ತೋರಿಸಿದಾಗ, ಇವರೇ ಶಿಡ್ಲಘಟ್ಟದ ಅಶ್ವತ್ಥಮ್ಮ ಎಂದು ಒಂದು ಧ್ವನಿ ಹೇಳಿತು. ಊರೆಲ್ಲ ಬಿದ್ದು ಬಿದ್ದು ನಕ್ಕಿತು, ಎಲ್ಲರಿಗಿಂತ ಹೆಚ್ಚು ಮಂಗಮ್ಮನೇ. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಬಹಳ ಸಂಕಟವಾಯಿತು. ನನ್ನ ಮನೆ, ನನ್ನ ಹೆಸರು, ಅಲ್ಲಿ ನಾನಿಲ್ಲ. ನಲವತ್ತು ಮೈಲಿಯಾಚೆಯವರಿಗೇ ನಾನು ತಿಳಿಯಲಿಲ್ಲ, ಇನ್ನು ಕಾನ್ಸಾಸಿನವರಿಗೆ ನೀನು ಹೇಗೆ ತಿಳಿಯುತ್ತೀಯ? ಆದರೂ ಮಾರನೇ ಬೆಳಿಗ್ಗೆ ಹುಳುಗಳಿಗೆ ಸೊಪ್ಪು ಹಾಕಿದವಳು ನಾನೇ.

ಟೆಲಿವಿಷನ್ನಿನವರು ದೀಪಾವಳಿಗೆ ಮತ್ತೆ ಕರೆದಿದ್ದಾರೆ ಎಂದು ಬರೆದಿದ್ದೀಯ. ಪರದೇಶ, ದೊಡ್ಡವರ ಮನಸ್ಸು ನೋಯಿಸಬಾರದು, ಹೊಂದಿಕೊಂಡು ಹೋಗಬೇಕು ಎಂದು ಬರೆಯಲು ನಿಮ್ಮಪ್ಪ ಹೇಳಿದರು. ಬರೆದಿದ್ದೇನೆ.

ನಿನ್ನ ಹಣೆ ತುಂಬ ಕುಂಕುಮ, ಮನೆ ತುಂಬ ಮಾತು ಇರಲಿ. ಅಳಿಯಂದಿರಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು.

ನಿನ್ನ ಅಮ್ಮ
ಅಶ್ವತ್ಥಮ್ಮ

ತಾ.ಕ.: ನಿಮ್ಮಪ್ಪ ಕಾಗದ ಓದಿ, 'ಸರಿಯಾಗಿ ಬರ್ದಿದೀಯ' ಎಂದು ಸ್ನಾನಕ್ಕೆ ಹೋಗಿದ್ದಾರೆ. ಬೇಗ ಬೇಗ ಬರೆಯುತ್ತಿದ್ದೇನೆ. ಹೊಂದಿಕೊಳ್ಳಬೇಡ. ಮತ್ತೆ ಹೋದರೆ ನಿನ್ನ ಸೀರೆ, ನಿನ್ನ ಕುಂಕುಮ, ನಿನ್ನ ಮಾತು. ಒಪ್ಪದಿದ್ದರೆ ಎದ್ದು ಹೊರಡು. ಆಮೇಲೂ ಅಲ್ಲಿ ಉಸಿರು ಕಟ್ಟಿದರೆ ಊರಿಗೇ ಬಂದುಬಿಡು, ಅಪ್ಪನಿಗೆ ನಾನು ಹೇಳಿಕೊಳ್ಳುತ್ತೇನೆ. ಒಂದೇ ಮಾತು. ಆ ದಿಂಬಿನ ಮೇಲಿನ ಬಾಯಿಲ್ಲದ ರಾಣಿಯನ್ನು ಅಲ್ಲೇ ಬಿಟ್ಟು ಬಾ. ನನಗೆ ನನ್ನ ಅನಸೂಯಾನೇ ಬೇಕು.