ಡ್ರಮ್‌ಶಾಲದವರ ಜೊತೆ ಸೇರಿದೆವು, ಫಿಂಟನ್

ಕಿಲ್‌ಫಾರ, ಭಾನುವಾರ ಸಂಜೆ

ನನ್ನ ಫಿಂಟನ್,

ನೀನು ಹೋಗಿ ಮೂರು ಚಳಿಗಾಲ ಕಳೆದವು. ಇಷ್ಟು ದಿನ ನಿನಗೆ ಹೇಳುವಂಥದ್ದೇನೂ ಊರಿನಲ್ಲಿ ನಡೆಯಲಿಲ್ಲ. ಶಾಲೆ ಮುಚ್ಚಿದ್ದು ನೀನಿದ್ದಾಗಲೇ. ಅಂಚೆ ಕಚೇರಿ ಈಗ ಪೆಟ್ರೋಲ್ ಬಂಕಿನ ಒಂದು ಮೂಲೆಗೆ ಬಂದಿದೆ. ಮೂರು ಊರಿಗೆ ಒಬ್ಬರೇ ಪಾದ್ರಿ, ಹಾಗಾಗಿ ಪೂಜೆ ಎರಡು ವಾರಕ್ಕೊಮ್ಮೆ. ಇದನ್ನೆಲ್ಲ ಬರೆದು ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಆದರೆ ಈಗ ಆಗಿರುವುದನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು. ನಿನ್ನ ಗೆಳೆಯ ಮ್ಯಾಲಕಿ ಅಲ್ಲಿಗೆ ಬಂದರೆ ಮೊದಲು ದೂರು ಹೇಳುವುದು ಇದನ್ನೇ.

ನಮ್ಮ ಗೇಲಿಕ್ ಫುಟ್‌ಬಾಲ್ ತಂಡ ಹೊಳೆಯಾಚೆಯ ಊರು ಡ್ರಮ್‌ಶಾಲದವರ ಜೊತೆ ಸೇರಿಹೋಯಿತು. ಸೇರಿಸಿದವಳು ನಾನು.

ಸಿಟ್ಟಾಗುವ ಮೊದಲು ಕೇಳು. ಗೇಲಿಕ್ ಆಟಕ್ಕೆ ಹದಿನೈದು ಜನ ಬೇಕಾದಲ್ಲಿ ನಮಗೆ ಉಳಿದದ್ದು ಹನ್ನೊಂದು, ಅದರಲ್ಲಿ ಗೋಲ್‌ಕೀಪರ್ ಪ್ಯಾಡಿಗೆ ಸೊಂಟನೋವು. ಕಳೆದ ಶರತ್ಕಾಲದಲ್ಲಿ ಆಡಲಾಗದೆ ಒಂದು ಪಂದ್ಯವನ್ನೇ ಬಿಟ್ಟುಕೊಟ್ಟೆವು. ಬಂದಿದ್ದ ತಂಡದವರು ನಮ್ಮ ಮೈದಾನದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಚೆಂಡೊದ್ದು, ಒಬ್ಬೊಬ್ಬರಾಗಿ ನನ್ನ ಕೈಕುಲುಕಿ ಹೋದರು, ಸಾವಿನ ಮನೆಗೆ ಬಂದವರ ಹಾಗೆ. ಗೇಟಿಗೆ ನಾನೇ ಬೀಗ ಹಾಕಿದೆ.

ಸಭೆ ಕರೆದೆ. ಮ್ಯಾಲಕಿ ಎದ್ದು ನಿಂತ. ಮುತ್ತಜ್ಜಂದಿರ ಕಾಲದಲ್ಲಿ, ಆಲೂಗಡ್ಡೆ ಕೊಳೆತು ಬರಗಾಲ ಬಂದ ವರ್ಷ, ಪಟ್ಟಣದ ಗಂಜಿಕೇಂದ್ರಕ್ಕೆ ಹೋಗುತ್ತಿದ್ದ ನಮ್ಮವರನ್ನು ಡ್ರಮ್‌ಶಾಲದವರು ಸೇತುವೆಯ ಮೇಲೆ ತಡೆದರು ಎಂಬ ಹಳೆಯ ಕತೆಯನ್ನೇ ಮತ್ತೆ ಹೇಳಿದ.

"ಅವ್ರ ಜೊತೆ ಆಡೋದಕ್ಕಿಂತ ನನ್ನ ಕಾಲು ಕತ್ತರಿಸ್ಕೋತೀನಿ!"

"ಕತ್ತರಿಸ್ಕೊ ಮಾರಾಯ," ಎಂದ ಪ್ಯಾಡಿ. "ಅದು ಓಡಿ ನಲವತ್ತು ವರ್ಷ ಆಯ್ತು. ನನ್ ಸೊಂಟಕ್ಕೊಂದು ದಾರಿ ಹೇಳು."

ಎಲ್ಲರೂ ನಕ್ಕರು. ಮತ ಹಾಕುವಾಗ ಯಾರೂ ನಗಲಿಲ್ಲ. ಎರಡೂ ಕಡೆ ಸಮ ಬಂತು. ಬಾಕಿ ಇದ್ದದ್ದು ಅಧ್ಯಕ್ಷೆಯಾದ ನನ್ನ ಮತ. ಆಸ್ಪತ್ರೆಯಲ್ಲಿ, ಮೂಗಿಗೆ ನಳಿಕೆ ಹಾಕಿಕೊಂಡು, ನೀನು ಹೇಳಿದ್ದು ನೆನಪಾಯಿತು: "ಏನಾದ್ರೂ ಮಾಡ್ಕೊ ನೋರೀನ್, ಅವ್ರ ಜೊತೆ ಮಾತ್ರ ಸೇರಿಸ್ಬೇಡ." ಅದು ತಮಾಷೆಯೋ ನಿಜವೋ ಎಂದು ಆಗ ಕೇಳಲಿಲ್ಲ, ಈಗ ಕೇಳುವಂತಿಲ್ಲ. ಆ ಹನ್ನೊಂದು ಜನರ ಮುಖ ನೋಡಿದೆ. ಆಡಬೇಕು ಅನ್ನುವುದಷ್ಟೇ ಅವರಿಗೆ ಬೇಕಾಗಿತ್ತು. ಕೈ ಎತ್ತಿದೆ. ಮ್ಯಾಲಕಿ ಟೋಪಿ ಹಾಕಿಕೊಂಡು, ನನ್ನತ್ತ ನೋಡದೆ ಹೊರಟುಹೋದ.

ಇವತ್ತು ಮೊದಲ ಪಂದ್ಯ, ಡ್ರಮ್‌ಶಾಲದ ಮೈದಾನದಲ್ಲಿ. ಹೊಸ ತಂಡಕ್ಕೆ ಎರಡೂ ಊರುಗಳದ್ದಲ್ಲದ, ನಡುವಿನ ಹೊಳೆಯ ಹೆಸರಿಟ್ಟಿದ್ದಾರೆ. ಆ ಹೆಸರು ಕೂಗಲು ಯಾರಿಗೂ ನಾಲಿಗೆ ಹೊರಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟಳು. "ನೀವು ಫಿಂಟನ್ ಹೆಂಡ್ತಿ ಅಲ್ವಾ? ನಾನು ಊನಾ. ಆಟದಲ್ಲಿ ನಿಮ್ಮ ಯಜಮಾನ್ರ ಮೂಗು ಮುರಿದ್ನಲ್ಲ, ಅವನ ತಂಗಿ." ಆಮೇಲೆ ಮೈದಾನದ ಮೇಲೇ ಕಣ್ಣಿಟ್ಟು ಅಂದಳು: "ನಮ್ಮಜ್ಜಿ ಹೇಳೋರು, ಬರಗಾಲದಲ್ಲಿ ಸೇತುವೆ ಮೇಲೆ ನಮ್ಮೋರನ್ನ ತಡೆದಿದ್ದು ನಿಮ್ಮೋರಂತೆ."

ಮ್ಯಾಲಕಿಯ ಕತೆಯೇ, ತಿರುಗುಮುರುಗಾಗಿ. ಹಸಿದವರೆಲ್ಲ ಒಂದೇ ಸೇತುವೆಯ ಮೇಲೆ ನೂಕಾಡಿರಬೇಕು ಫಿಂಟನ್, ಅಷ್ಟೇ. ಟೀ ಕುಡಿದು ಲೋಟ ವಾಪಸ್ ಕೊಟ್ಟೆ. ವಾದ ಮಾಡುವಷ್ಟು ಉಸಿರು ನನ್ನಲ್ಲಿ ಉಳಿದಿಲ್ಲ.

ಸೋತೆವು, ಚೆನ್ನಾಗಿಯೇ ಸೋತೆವು. ಆಟ ಮುಗಿದ ಮೇಲೆ ಕೆಸರಾದ ಜೆರ್ಸಿಗಳ ಚೀಲವನ್ನು ಅಭ್ಯಾಸದಂತೆ ಕಾರಿಗೆ ಎಳೆಯುತ್ತಿದ್ದೆ. ನಾವು ಮದುವೆಯಾದ ವರ್ಷದಿಂದ ಅವನ್ನು ಒಗೆಯುವವಳು ನಾನೇ ತಾನೆ. ಊನಾ ಬಂದು ಚೀಲದ ಇನ್ನೊಂದು ತುದಿ ಹಿಡಿದಳು.

"ಬಿಡಿ, ಈ ವಾರ ನಂದು. ಮುಂದಿನ ವಾರ ನಿಮ್ದು."

ಬಿಟ್ಟೆ. ಕಾರಿನಲ್ಲಿ ಕೂತು ಬಹಳ ಹೊತ್ತು ಅತ್ತೆ. ದುಃಖಕ್ಕಲ್ಲ. ಇಷ್ಟು ವರ್ಷದಲ್ಲಿ ಆ ಚೀಲದ ಇನ್ನೊಂದು ತುದಿಯನ್ನು ಯಾರೂ ಹಿಡಿದಿರಲಿಲ್ಲ, ನೀನೂ ಸಹ.

ಈಗ ಮನೆಯಲ್ಲಿ ಒಗೆಯುವ ಯಂತ್ರ ಸುಮ್ಮನಿದೆ. ಬೇಗ ಮಲಗುತ್ತೇನೆ. ನಿನ್ನ ಮೇಲಿನ ಮಣ್ಣು ಹಗುರವಾಗಿರಲಿ, ನನ್ನ ಮೇಲಿನ ಸಿಟ್ಟೂ.

ದಣಿದಿದ್ದರೂ ನಿನ್ನವಳೇ,
ನೋರೀನ್